ಸೇವ್ ಮಾಡಿದ ವಿಡಿಯೊ ನೆಟ್ ಇಲ್ಲದಾಗ ಯಾಕೆ ಓಡಲ್ಲ?

ಫೇಸ್‌ಬುಕ್‌ನಲ್ಲಿ ‘ಸೇವ್’ ಒತ್ತಿಟ್ಟ ವಿಡಿಯೊಗಳು ಡೇಟಾ ಆಫ್ ಮಾಡಿದರೆ ಓಡುತ್ತಿಲ್ಲ ಅಂದಿದ್ದೀರಿ. ಆ ಬಟನ್ ಒತ್ತಿದರೆ ಉಳಿಯುವುದು ಲಿಂಕ್ ಮಾತ್ರ, ವಿಡಿಯೊ ಫೋನಿಗೆ ಇಳಿದೇ ಇರುವುದಿಲ್ಲ. ಹಾಕಿದವರು ಅಳಿಸಿದರೆ ಆ ಲಿಂಕೂ ಹೋಯಿತು.

ಇನ್‌ಸ್ಟಾಗ್ರಾಂ ರೀಲ್ಸ್ ಆದರೆ ಸುಲಭ: ಪಬ್ಲಿಕ್ ಖಾತೆಯದಾಗಿದ್ದು ಅವರು ಅನುಮತಿ ಕೊಟ್ಟಿದ್ದರೆ ಶೇರ್ ಮೆನುವಿನಲ್ಲೇ ‘ಡೌನ್‌ಲೋಡ್’ ಸಿಗುತ್ತದೆ.

ಲಿಂಕ್ ಅಂಟಿಸಿದರೆ ವಿಡಿಯೊ ಕೊಡುವ ಸೈಟುಗಳಲ್ಲಿ ತುಂಬಾ ಎಚ್ಚರ ಬೇಕು. ದೊಡ್ಡದಾಗಿ ಮಿನುಗುವ ಡೌನ್‌ಲೋಡ್ ಬಟನ್ ಎಷ್ಟೋ ಸಲ ಬರೀ ಜಾಹೀರಾತು. ಇಳಿದ ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 (ವಿಡಿಯೊ ಫೈಲ್) ಬದಲು ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಅಂತಿದ್ದರೆ ತೆರೆಯದೆ ಅಳಿಸಿಬಿಡಿ. ಪಾಸ್‌ವರ್ಡ್ ಕೇಳಿದರಂತೂ ದಯವಿಟ್ಟು ಕೊಡಲೇಬೇಡಿ.

ನನ್ನ ಕೇಳಿದರೆ, ವಿಡಿಯೊ ಹಾಕಿದವರಿಗೇ ಮೆಸೇಜ್ ಮಾಡಿ ಫೈಲ್ ಕೇಳಿ ನೋಡಿ. ಮೂಲ ಫೈಲ್ ಸಿಕ್ಕರೆ ಕ್ವಾಲಿಟಿಯೂ ಚೆನ್ನಾಗಿರುತ್ತದೆ.