ಬಾಹ್ಯಾಕಾಶ ನಿಲ್ದಾಣದ ಫರಾಳಕ್ಕೆ ಚಕ್ಕುಲಿ ನಡೆಯುತ್ತಾ?

ನಮಸ್ಕಾರ ಅಕ್ಕಾ. ಡೊಂಬಿವಲಿಯ ನಿಮ್ಮ ಸೊಸೈಟಿ ಮಕ್ಕಳು ದೀಪಾವಳಿಗೆ ‘ಬಾಹ್ಯಾಕಾಶ ನಿಲ್ದಾಣದ ಫರಾಳ’ದ (ಅಂದ್ರೆ ಹಬ್ಬದ ತಿಂಡಿಗಳ) ತಟ್ಟೆ ಮಾಡ್ತಿದ್ದಾರೆ, ಚಕ್ಕುಲಿ, ಅವಲಕ್ಕಿ ಚೂಡಾ ಇಡಬಹುದಾ ಅಂತ ಕೇಳಿದ್ದೀರಿ. ಚೂಡಾ ಬೇಡವೇ ಬೇಡ! ಅಲ್ಲಿ ಪುಡಿ ಕೆಳಗೆ ಬೀಳಲ್ಲ. ತೇಲಿಕೊಂಡು ಹೋಗಿ ಕಣ್ಣಿಗೋ ಮೂಗಿಗೋ, ಇಲ್ಲಾ ಗಾಳಿ ಎಳೆಯೋ ಜಾಲರಿಗೋ ಸೇರುತ್ತೆ. ಅದಕ್ಕೇ ಗಗನಯಾತ್ರಿಗಳು ಬ್ರೆಡ್ ಬದಲು ಟಾರ್ಟಿಯಾ (ಚಪಾತಿಯಂಥ ತೆಳು ರೊಟ್ಟಿ) ತಿನ್ನೋದು. ಉಪ್ಪು ಕೂಡ ನೀರಲ್ಲಿ ಕರಗಿಸಿದ್ದು, ಕಾಳುಮೆಣಸು ಎಣ್ಣೆಯಲ್ಲಿ ಕಲಸಿದ್ದು. ಚಕ್ಕುಲೀನ ಒಂದೇ ತುತ್ತಾಗೋ ಹಾಗೆ ಪುಟ್ಟದಾಗಿ ಒತ್ತಿದ್ರೆ ವಾದಕ್ಕೆ ನಿಲ್ಲುತ್ತೆ, ಆದ್ರೂ ನಾನಾದ್ರೆ ಬಿಡ್ತೀನಿ.

ಸಿಹಿಗೆ ಚಿಂತೆಯಿಲ್ಲ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಗಾಜರ್ ಹಲ್ವಾ, ಹೆಸರುಬೇಳೆ ಹಲ್ವಾ, ಆಮ್‌ರಸ್ (ಮಾವಿನ ರಸ) ಒಯ್ದು ಅಲ್ಲಿದ್ದವರಿಗೂ ಹಂಚಿದ್ರು. ಹಲ್ವಾ ಜಿಗುಟು ನೋಡಿ, ಚಮಚ ಬಿಟ್ಟು ಕದಲಲ್ಲ. ಆಮ್‌ರಸ್ ಬೇಕಾದ್ರೆ ಸ್ಟ್ರಾ ಇರೋ ಪೊಟ್ಟಣದಲ್ಲಿ ಕೊಡಿ. ಮೆತ್ತಗಿನ ಹೋಳಿಗೆಯೂ ಆದೀತು, ಮೇಲಿನ ಒಣಹಿಟ್ಟು ಒರೆಸಿ.

ಪಲ್ಯ ಮಾಡೋದಾದ್ರೆ ಖಾರ ಒಂದು ಕೈ ಮುಂದಿರಲಿ. ತೂಕವಿಲ್ಲದ ಕಡೆ ಮೈಯ ದ್ರವ ತಲೆ ಕಡೆ ಏರಿ ಮೂಗು ಕಟ್ಟಿದ ಹಾಗಾಗುತ್ತೆ, ಎಷ್ಟೋ ಜನರಿಗೆ ರುಚಿ ಸಪ್ಪೆ ಅನ್ನಿಸುತ್ತೆ.

ಪೊಟ್ಟಣಗಳನ್ನ ತಟ್ಟೆಗೆ ವೆಲ್‌ಕ್ರೋದಿಂದ ಅಂಟಿಸಿ, ಅಲ್ಲೂ ಹಾಗೇ. ಇನ್ನೊಂದು, 1984ರಲ್ಲಿ ನಮ್ಮ ಮೊದಲ ಗಗನಯಾತ್ರಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿಂಡಿ ತಯಾರಾಗಿದ್ದು ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್‌ನಲ್ಲಿ (ರಕ್ಷಣಾ ಆಹಾರ ಸಂಶೋಧನಾಲಯ). ಬೋರ್ಡಿನ ಮೇಲೆ ಇದನ್ನ ದಪ್ಪಕ್ಷರದಲ್ಲಿ ಬರೆಸಿ. ಹಣತೆ ಮಾತ್ರ ಬ್ಯಾಟರಿಯದ್ದೇ ಇಡಿ.