ಮಂಡ್ಯದ ಹಳ್ಳಿಗಳಲ್ಲಿ ವಿದೇಶಿ ನೆರವಿನ ಮಹಿಳಾ ಯೋಜನೆ ಫಲ ಕೊಟ್ಟಿದೆಯೇ ಎಂದು ಅಳೆಯುವುದು ಹೇಗೆ?

ತರಬೇತಿಗೆ ಬಂದವರ ತಲೆ ಎಣಿಕೆ ಫಲಿತಾಂಶವಲ್ಲ. ವರದಿಗಳಲ್ಲಿ ತುಂಬಿರುವುದು ಮಾತ್ರ ಅದೇ. ಯೋಜನೆ ಶುರುವಾಗುವ ಮೊದಲೇ ಬೇಸ್‌ಲೈನ್ ಸಮೀಕ್ಷೆ (ಆಗಿನ ಸ್ಥಿತಿಯ ದಾಖಲೆ) ಮಾಡಿ, ಯೋಜನೆ ತಲುಪದ ಅಂಥದ್ದೇ ಹಳ್ಳಿಗಳನ್ನೂ ಹೋಲಿಕೆಗೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸು, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ತಂದ ಬದಲಾವಣೆಯೂ ದಾನಿಗಳ ಲೆಕ್ಕಕ್ಕೇ ಜಮೆಯಾಗುತ್ತದೆ. ಮರುಸಮೀಕ್ಷೆಯೂ ಮೊದಲ ಸಮೀಕ್ಷೆ ನಡೆದ ತಿಂಗಳಲ್ಲೇ ಇರಲಿ. ಕಬ್ಬು ಕಟಾವಿನ ಕಾಲದ ಕೂಲಿಯನ್ನು ಕೆಲಸವಿಲ್ಲದ ದಿನಗಳದಕ್ಕೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಸಂಘದ ಸಾಲ ಯಾರ ಹೆಸರಲ್ಲಿದೆ ಎನ್ನುವುದಕ್ಕಿಂತ ಹಣ ಯಾರ ಕೈಗೆ ಹೋಯಿತು, ಕಂತು ಯಾರು ಕಟ್ಟುತ್ತಾರೆ ಎಂದು ಕೇಳಿ. ಗಂಡನೋ ಅತ್ತೆಯೋ ಎದುರಿಗಿದ್ದರೆ ಉತ್ತರವೇ ಬೇರೆ, ಹಾಗಾಗಿ ಪ್ರತ್ಯೇಕವಾಗಿ ಮಹಿಳೆಯರೇ ಕೇಳಲಿ. ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಪದ್ಧತಿಯಲ್ಲಿ, ಲಿಂಗ ಸಮಾನತೆಯ ಗುರಿ ಎಷ್ಟಿದೆ ಎಂದು ಯೋಜನೆಗೆ ಕೊಡುವ ಜೆಂಡರ್ ಮಾರ್ಕರ್ ಅಂಕ (0, 1, 2) ಅದರ ಉದ್ದೇಶವನ್ನಷ್ಟೇ ಹೇಳುತ್ತದೆ, ಫಲವನ್ನಲ್ಲ. ನೆರವು ನಿಂತ ಒಂದೆರಡು ವರ್ಷದ ಮೇಲೆ ಮತ್ತೊಮ್ಮೆ ಅಳೆಯಬೇಕು. ಅದಕ್ಕೆ ಬಜೆಟ್ಟಿನಲ್ಲಿ ಮೊದಲೇ ದುಡ್ಡು ತೆಗೆದಿಡಿ.