ಅಜ್ಜನ ಫಿಯಟ್‌ಗೆ ಡೀಸೆಲ್ ಎಂಜಿನ್ ಹಾಕಿಸಬಹುದಾ?

ಪ್ರಶ್ನೆ: ನಮ್ಮಜ್ಜ 1966ರಲ್ಲಿ ಕೊಂಡ ಫಿಯಟ್ 1100 ಡಿಲೈಟ್ ಕೊಟ್ಟಿಗೆಯಲ್ಲಿ ಹದಿನೈದು ವರ್ಷದಿಂದ ನಿಂತಿದೆ. ಮೆಕ್ಯಾನಿಕ್ ಡೀಸೆಲ್ ಎಂಜಿನ್ ಕೂರಿಸಿ ಹೊಸ ಪೇಂಟ್ ಹೊಡೆಸೋಣ ಅಂತಾರೆ. ಗುಜರಿಯವನೂ ಎರಡು ಸಲ ಬಂದು ನೋಡಿ ಹೋದ. ಏನು ಮಾಡಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಇಬ್ಬರಿಗೂ ಬೇಡ ಅನ್ನಿ. ಗುಜರಿಯವನಿಗಿಂತ ನಿಮ್ಮ ಮೆಕ್ಯಾನಿಕ್ ಬಗ್ಗೆಯೇ ನನಗೆ ಜಾಸ್ತಿ ಭಯ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದಲ್ಲಿದ್ದಂತೆಯೇ ಇರಬೇಕು. ಡೀಸೆಲ್ ಎಂಜಿನ್ ಕೂರಿಸಿದಿರೋ, ಆ ದಾರಿ ಮುಚ್ಚಿತು. ಆರ್‌ಸಿ ಪುಸ್ತಕ ಹುಡುಕಿಡಿ. ಮೊದಲೇ ನೋಂದಣಿಯಾದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯ ಕಾಲದ 'ಎಂವೈ' ನಂಬರ್ ಇದ್ದರಂತೂ ಬಿಡಲೇಬೇಡಿ. ಒಂದು ಮಾತು: ವಿಂಟೇಜ್ ಅಂತ ನೋಂದಣಿಯಾದ ಮೇಲೆ ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಷ್ಟಕ್ಕೇ. ಅಡಿಕೆ ಮಂಡಿಗೆ ಬೇರೆ ಗಾಡಿ ನೋಡಿಕೊಳ್ಳಿ.

ಇನ್ನು ಎಂಜಿನ್ ವಿಷಯ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯೋ ಆಸೆ ಆಗುತ್ತೆ. ಬೇಡ. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿಕೊಂಡಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಇರಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಕಾರನ್ನು ಒಂದಡಿ ಮೆಲ್ಲಗೆ ಮುಂದಕ್ಕೆ ತಳ್ಳಿ. ಮೂರನೆಯವರು ಬಾನೆಟ್ ಎತ್ತಿ ಫ್ಯಾನ್ ನೋಡಲಿ. ಅಲ್ಲಾಡಿತಾ? ಅರ್ಧ ಗೆದ್ದಂತೆ. ಅಲ್ಲಾಡದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಆಯಿಲ್ ಬಿಟ್ಟು ವಾರ ಕಾಯಿರಿ.

ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಖಾಲಿಯಾಗಬೇಕು. ವಾರ್ನಿಷ್ ಥರ ನಾರುತ್ತಿರುತ್ತೆ. ಬ್ರೇಕಿನ ರಬ್ಬರ್ ಎಲ್ಲ ಹೊಸದಾಗಲಿ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವಂಥದ್ದೇ ಹಾಕಿಸಿ, ಈಗಿನ ಪೆಟ್ರೋಲಿಗೆ ಆ ಕಾಲದ ರಬ್ಬರ್ ಬಾಳಲ್ಲ. ವೈರಿಂಗನ್ನು ಇಲಿ ಬಿಟ್ಟಿದೆಯಾ ನೋಡಿ.

ಬಿಡಿಭಾಗದ ಚಿಂತೆ ಅಷ್ಟಾಗಿ ಬೇಡ. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡುತ್ತಿದ್ದ ಈ ಡಿಲೈಟೇ ಮುಂದೆ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪದ್ಮಿನಿ ಆಯಿತು. ಅದೇ 1089 ಸಿಸಿ ಎಂಜಿನ್, ಸ್ಟೇರಿಂಗ್ ಕೆಳಗೆ ಅದೇ ಗೇರ್ ಹಿಡಿ. ಪದ್ಮಿನಿಯ ಎಷ್ಟೋ ಸಾಮಾನು ಹೊಂದುತ್ತೆ.

ಪೇಂಟ್? ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಪಾಲಿಶ್ ಹಾಕಿ ನೋಡಿ. ಬಾಗಿಲು ತೆಗೆದರೆ ಒಳ ಅಂಚಿನಲ್ಲಿ ಬಿಸಿಲು ತಾಗದ ಮೂಲ ಬಣ್ಣ ಕಾಣುತ್ತೆ. ಹೊರಗೂ ಅರ್ಧಕ್ಕರ್ಧ ಉಳಿದಿದ್ದರೆ ಹಾಗೇ ಬಿಡಿ. ಫಳಫಳ ಅನ್ನೋ ಫಿಯಟ್ ರ‍್ಯಾಲಿಯಲ್ಲಿ ಬೇಕಾದಷ್ಟಿರುತ್ತೆ.

ಪ್ರಶ್ನೆ: ಇನ್ನೂ ಹಳೇ ಫಿಯಟ್‌ಗಳ ಮುಂಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಯಾಕೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಅವುಗಳ ಕೀಲು ಹಿಂಬದಿಗಿತ್ತು. ಸೀರೆ, ಪಂಚೆ ಉಟ್ಟವರಿಗೆ ಹತ್ತಿ ಕೂರಲು ಸಲೀಸು. ಆದರೆ ಓಡುವಾಗ ಚಿಲಕ ಸಡಿಲವಾದರೆ ಗಾಳಿಯೇ ಬಾಗಿಲನ್ನು ಪೂರ್ತಿ ತೆರೆದುಬಿಡುತ್ತಿತ್ತು. ಆಗ ಸೀಟ್ ಬೆಲ್ಟೂ ಇರಲಿಲ್ಲ. ಅಂಥ ಕಾರಿನಲ್ಲಿ ಮುಂದೆ ಕೂತರೆ ನಾನು ಇವತ್ತಿಗೂ ಬಾಗಿಲಿನ ಹಿಡಿ ಬಿಡಲ್ಲ.